ಔರಾದಿನಲ್ಲಿ ಬಸ್ಸು ನಿಲ್ಲುವ ಹೊತ್ತು

ಬೀದರದಿಂದ ಬಂದ ಬಸ್ಸು ಔರಾದಿನಲ್ಲಿ ನಿಂತಾಗ ಡ್ರೈವರ್ ಚಹಾಕ್ಕೆ ಇಳಿಯುತ್ತಾನೆ. ಕಂಡಕ್ಟರ್ ನಿಲ್ದಾಣದ ಕಿಟಕಿಯಲ್ಲಿ ಸಹಿ ಹಾಕಿ ಬರುತ್ತಾನೆ. ಆಮೇಲೆ ಮತ್ತೆ ಹೊರಡುವ ತನಕ ಒಂದಿಷ್ಟು ಹೊತ್ತು ಮಿಗುತ್ತದೆ. ಉಳಿದವರಿಗೆ ಅದು ಕಾಲು ಚಾಚುವ ಹೊತ್ತು. ಗಂಡಸಿಗೂ ತವರು ಎಂಬುದೊಂದು ಇರುವುದಾದರೆ, ಭಾಲ್ಕಿಯ ದತ್ತಾತ್ರಿಯವರಿಗೆ ಅದು ಇದ್ದದ್ದು ಆ ಹೊತ್ತಿನಲ್ಲಿ.

ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಅಕ್ಕ ಶೇವಂತಾಬಾಯಿಯ ಮನೆ. ತಾಯಿ ತೀರಿಕೊಂಡಾಗ ದತ್ತಾತ್ರಿ ಇನ್ನೂ ಸಣ್ಣ ಹುಡುಗ. ಅವರಿಗೆ ಎಣ್ಣೆ ಹಚ್ಚಿ ತಲೆ ಬಾಚಿದವಳು, ಹೊಲದ ಬದುವಿನಲ್ಲಿ ಕೂರಿಸಿಕೊಂಡು ಮಗ್ಗಿ ಬಾಯಿಪಾಠ ಮಾಡಿಸಿದವಳು ಅಕ್ಕ. ತನಗೆ ಅಕ್ಷರ ಬರದಿದ್ದರೂ ತಮ್ಮ ತಪ್ಪಿದರೆ ಅವಳಿಗೆ ಗೊತ್ತಾಗುತ್ತಿತ್ತು, ಅವನ ದನಿ ಅಳುಕುತ್ತಿತ್ತಲ್ಲ. ಅವಳಿಗೆ ಔರಾದಿನಲ್ಲಿ ಮದುವೆಯಾಯಿತು. ದತ್ತಾತ್ರಿ ಓದಿ, ಸಾರಿಗೆಯಲ್ಲಿ ಕಂಡಕ್ಟರ್ ಕೆಲಸಕ್ಕೆ ಸೇರಿದರು. ಜೊತೆಯವರು ಹೈದರಾಬಾದಿನ ದೂರದ ಗಾಡಿಗಳಿಗೆ ಆಸೆಪಟ್ಟರೆ ಇವರು ಬೀದರ–ಔರಾದದ ಧೂಳು ತುಂಬಿದ ಗಾಡಿಯನ್ನು ಕೇಳಿ ಪಡೆದರು.

ಅಂದಿನಿಂದ ನಿವೃತ್ತಿಯವರೆಗೆ, ಬಸ್ಸು ಬರುವ ಹೊತ್ತಿಗೆ ಶೇವಂತಾಬಾಯಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟು ಹಿಡಿದು ಬೇವಿನ ಮರದ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಜೋಳದ ರೊಟ್ಟಿ, ಝುಣಕ, ಕೆಲವೊಮ್ಮೆ ಪುಂಡಿಪಲ್ಯ. ತಮ್ಮ ಉಣ್ಣುವಾಗ ಅವಳು ಮಾತಾಡುತ್ತಿದ್ದಳು. ಮಾತು ಅರ್ಧದಲ್ಲಿರುವಾಗಲೇ ಡ್ರೈವರ್ ಚಾಂದ ಪಾಶಾ ಹಾರ್ನ್ ಹೊಡೆಯುತ್ತಿದ್ದ. ದತ್ತಾತ್ರಿ ಕೈ ತೊಳೆದು, ಚೀಲ ಹೆಗಲಿಗೇರಿಸಿ, ಎಲ್ಲರೂ ಹತ್ತಿದ ಮೇಲೆ ಕೊನೆಯಲ್ಲಿ ತಾವು ಹತ್ತುತ್ತಿದ್ದರು. ಅಕ್ಕ ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿಯುತ್ತಿದ್ದಳು. ಒಮ್ಮೆ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ಹೋಗು ಎಂಬುದು ಆ ದಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಬಡಿದು, ಪ್ರತಿ ಸಲವೂ ಅದೇ ಮಾತು.

“ಒಂದಿನಾರ ಈ ಸುಡುಗಾಡ ಬಸ್ಸು ನಿನ್ನ ಬಿಟ್ಟು ಹೋಗಲಿ ನೋಡು ದತ್ತೂ.”

ದತ್ತಾತ್ರಿ ಮೆಟ್ಟಿಲ ಮೇಲೆ ನಿಂತು, ಇಡೀ ನಿಲ್ದಾಣಕ್ಕೆ ಕೇಳುವಂತೆ, ಸಂತಪೂರ, ಕೌಠಾ, ಜನವಾಡ, ಬೀದರ ಎಂದು ಕೂಗುತ್ತಿದ್ದರು. ಆ ಕೂಗು ಓಣಿಯ ತಿರುವಿನವರೆಗೂ ಅವಳ ಬೆನ್ನ ಹಿಂದೆ ನಡೆದು ಹೋಗುತ್ತಿತ್ತು.

ಅವರ ದನಿಗೆ ಆ ದಾರಿಯಲ್ಲಿ ಹೆಸರಿತ್ತು. ಬೀದರದ ಗಾಂಧಿ ಗಂಜಿನ ಧಾನ್ಯದ ಮಾರುಕಟ್ಟೆಯ ಹತ್ತಿರ ಬಸ್ಸು ನಿಧಾನ ಮಾಡಿದಾಗ ಅವರು ಕೂಗಿದರೆ ತೊಗರಿ ಚೀಲ ಹೊರುತ್ತಿದ್ದ ಹಮಾಲರು ಕೂಡ ತಲೆ ಎತ್ತಿ ನೋಡುತ್ತಿದ್ದರಂತೆ. ಇನ್ನೊಂದು ಹೆಸರು ಅವರ ನಿಲುವಿಗೆ. ಗಾಡಿ ಎಷ್ಟು ಕುಣಿದರೂ ಅವರು ಕಂಬಿ ಹಿಡಿಯುತ್ತಿರಲಿಲ್ಲ. ಕಾಲು ಅಗಲಿಸಿ, ಸೊಂಟವನ್ನು ಸೀಟಿನ ಅಂಚಿಗೆ ಕೊಟ್ಟು, ಎರಡೂ ಕೈಯಿಂದ ಟಿಕೆಟ್ ಹರಿಯುತ್ತಿದ್ದರು.

ನೌಕರಿಯ ಕೊನೆಯ ವರ್ಷಗಳಲ್ಲಿ ಬಲಗೈಯ ಹೆಬ್ಬೆರಳು ತಾನಾಗಿಯೇ ಏನನ್ನೋ ಎಣಿಸುವಂತೆ ಆಡತೊಡಗಿತು. ಚಿಲ್ಲರೆ ಕೊಡುವಾಗ ಕೈ ನಡುಗಿತು. ಕಂಡಕ್ಟರ್ ಸಾಹೇಬರು ಮುಂಜಾನೆಯೇ ಹಾಕಿಕೊಂಡು ಬಂದಿದ್ದಾರೆ ಎಂದು ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಒಂದು ತೊಟ್ಟನ್ನೂ ಮುಟ್ಟದ ಮನುಷ್ಯ ಅಂದು ಮನೆಗೆ ಬಂದು ಊಟ ಮಾಡಲಿಲ್ಲ. ಸಹಿ ಸಣ್ಣದಾಗುತ್ತಾ ಇರುವೆಯಷ್ಟಾಯಿತು. ನಡೆಯುವಾಗ ಬಲಗೈ ಬೀಸದೆ ಸುಮ್ಮನೆ ತೂಗಿತು. ನಿವೃತ್ತಿಯ ಮರುವರ್ಷ ಬೀದರದ ನರರೋಗದ ಡಾಕ್ಟರು ಕೈಕಾಲು ಮಡಿಸಿ ಬಿಡಿಸಿ ನೋಡಿ, ಇದು ಪಾರ್ಕಿನ್ಸನ್ ಎಂದರು. ಗುಳಿಗೆ ಬರೆದರು. ಗುಳಿಗೆ ಹತ್ತಿದಾಗ ಮೈ ಸಡಿಲವಾಗುತ್ತಿತ್ತು. ಇಳಿದಾಗ ಮತ್ತೆ ಬಿಗಿಯುತ್ತಿತ್ತು.

ನಡುಕಕ್ಕೆ ಅವರು ಒಗ್ಗಿಕೊಂಡರು. ಒಗ್ಗದೆ ಉಳಿದದ್ದು ಬೇರೆ ಎರಡು. ಬಾಗಿಲಿಗೆ ಬಂದರೆ ಪಾದಗಳು ನೆಲಕ್ಕೆ ಅಂಟಿಕೊಳ್ಳುತ್ತಿದ್ದವು. ಮೈ ಮುಂದೆ ಹೋಗಲು ಹವಣಿಸುತ್ತಿತ್ತು, ಕಾಲು ಒಪ್ಪುತ್ತಿರಲಿಲ್ಲ. ಎರಡನೆಯದು ಅವರ ದನಿ. ಅದು ಹೋಗಲಿಲ್ಲ, ಒಳಗೆ ಸರಿಯಿತು. ತಾವು ಜೋರಾಗಿ ಮಾತಾಡಿದ್ದೇವೆ ಎಂದೇ ಅವರಿಗೆ ಅನಿಸುತ್ತಿತ್ತು, ಆದರೆ ಎದುರಿಗೆ ಕೂತ ಹೆಂಡತಿ ಶಾಲುಬಾಯಿ ಕಿವಿಯನ್ನು ತುಟಿಯ ಹತ್ತಿರ ತರಬೇಕಾಗುತ್ತಿತ್ತು. ದನಿಯ ಜೊತೆಗೇ ಮುಖವೂ ನಿಂತಿತು. ನಗು ಒಳಗೆ ಹುಟ್ಟಿ ಹೊರಗೆ ಬರುವ ದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿತ್ತು.

ಔರಾದಿನಿಂದ ಫೋನು ಬರುತ್ತಿತ್ತು. ಅಕ್ಕನ ಕಿವಿ ಮೊದಲೇ ಮಂದ. ಇವರು ಹೇಳಿದ್ದು ಅವಳಿಗೆ ಮುಟ್ಟುತ್ತಿರಲಿಲ್ಲ. ದತ್ತೂ, ದತ್ತೂ ಎಂದು ಕರೆದು, ಯಾರೂ ಇಲ್ಲದ ಮನೆಗೆ ಕರೆದಂತೆ ಸ್ವಲ್ಪ ಹೊತ್ತು ಕಾದು, ಇಡುತ್ತಿದ್ದಳು.

ಅಳಿಯ ನಾಗಸೇನ ಒಂದು ಭಾನುವಾರ ಅತ್ತೆ ಮಾವನನ್ನು ಕಾರಿನಲ್ಲಿ ಔರಾದಿಗೆ ಕರೆದುಕೊಂಡು ಹೋದ. ಅಕ್ಕನ ಮನೆಯ ಹೊಸ್ತಿಲಲ್ಲಿ ದತ್ತಾತ್ರಿ ನಿಂತುಬಿಟ್ಟರು. ಆಕೆ ಒಳಗಿನಿಂದ ಬಾ ಬಾ ಎಂದಳು. ಇವರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ, ಮಾತೂ ಆಡಲಿಲ್ಲ, ನಗಲೂ ಇಲ್ಲ. ಕಡೆಗೆ ಅಳಿಯ ಕೈಹಿಡಿದು ಜಗ್ಗಿ ಒಳಗೆ ಕೂರಿಸಿದ. ಇಡೀ ಮಧ್ಯಾಹ್ನ ಶೇವಂತಾಬಾಯಿ ತಮ್ಮನ ಮುಖವನ್ನು ಕದ್ದು ಕದ್ದು ನೋಡಿದಳು. ಹೊರಡುವಾಗ ಶಾಲುಬಾಯಿಯನ್ನು ಅಡುಗೆಮನೆಗೆ ಕರೆದಳು.

“ಕರುಣಾನ ಲಗ್ನಕ್ಕ ನಾ ಬರ್ಲಿಲ್ಲಂತ ಅವಂಗ ಇನ್ನಾ ಹೊಟ್ಯಾಗದ, ಹೌದಿಲ್ಲೋ?”

ದತ್ತಾತ್ರಿಯವರ ಮಗಳು ಕರುಣಾಳ ಮದುವೆಯ ವಾರವೇ ಶೇವಂತಾಬಾಯಿಯ ಕಣ್ಣಿನ ಆಪರೇಷನ್ ಆಗಿತ್ತು, ಅದಕ್ಕೇ ಬರಲಾಗಿರಲಿಲ್ಲ. ಶಾಲುಬಾಯಿ ಗಾಬರಿಯಾಗಿ, ಇದು ಸಿಟ್ಟಲ್ಲ, ಜಡ್ಡು, ಮುಖದ ನರಗಳೂ ಬಿಗಿಯುತ್ತವೆ ಎಂದು ಬಿಡಿಸಿ ಹೇಳಿದಳು. ಅಕ್ಕ ತಲೆಯಾಡಿಸಿದಳು, ಆದರೆ ಒಪ್ಪಲಿಲ್ಲ.

“ಕೈ ನಡಗೋದು ಜಡ್ಡು, ತಿಳೀತದ. ಮಾರಿ ಗಂಟ ಹಾಕ್ಕೊಂಡ ಕೂಡೋದು ಜಡ್ಡ ಹ್ಯಾಂಗಾಗ್ತದ ಶಾಲೂ? ನಂಗ ಅವ ಗೊತ್ತಿಲ್ಲೇನು?”

ಈ ಮಾತು ಹೊರಗೆ ಕಾರಿನಲ್ಲಿ ಕೂತವರಿಗೆ ಕೇಳಿಸಿತು. ಕಿವಿ ಮಂದವಾದ ಎಲ್ಲರಂತೆ ಅಕ್ಕ ಜೋರಾಗಿಯೇ ಮಾತಾಡುತ್ತಿದ್ದಳು. ಮಾಂಜ್ರಾ ನದಿಯ ಸೇತುವೆ ದಾಟುವಾಗ ದತ್ತಾತ್ರಿ ಏನೋ ಅಂದರು. ಶಾಲುಬಾಯಿ ಎರಡು ಸಲ ಕೇಳಿದ ಮೇಲೆ ಅರ್ಥವಾಯಿತು.

“ಬಸ್ಸಿಗಿ ಬಂದಿದ್ರ ಅಕಿ ಹಂಗ ಅಂತಿದ್ದಿಲ್ಲ.”

ಅಂದಿನಿಂದ ಅವರಿಗೆ ಒಂದೇ ಆಸೆ. ಬಸ್ಸಿನಲ್ಲಿ ಔರಾದಿಗೆ ಹೋಗಬೇಕು, ತಮ್ಮ ಕಾಲಿನಿಂದ ಇಳಿಯಬೇಕು, ಸಿಟ್ಟಿಲ್ಲ ಎಂದು ಅಕ್ಕನಿಗೆ ಕೇಳುವ ಹಾಗೆ ಒಂದು ಸಲ ಹೇಳಬೇಕು. ಆಕೆಗೂ ವಯಸ್ಸಾಗಿದೆ. ತಮ್ಮ ಮುನಿದಿದ್ದಾನೆ ಎಂದುಕೊಂಡೇ ಆಕೆ ಹೋಗಿಬಿಟ್ಟರೆ? ಈ ಪ್ರಶ್ನೆಯನ್ನು ಅವರು ಯಾರಿಗೂ ಹೇಳಲಿಲ್ಲ. ಊಟದ ತಟ್ಟೆಯ ಮುಂದೆ ಕೈ ತಡೆದು ಕೂತಾಗ ಶಾಲುಬಾಯಿಗೆ ತಾನೇ ತಿಳಿಯುತ್ತಿತ್ತು.

ಡಾಕ್ಟರು ಫಿಸಿಯೋಥೆರಪಿಗೆ ಹೋಗಿ ಎಂದಾಗ ಶಾಲುಬಾಯಿಗೆ ಆಶ್ಚರ್ಯವಾಯಿತು. ಎಲುಬು ಮುರಿದವರಿಗೆ, ಮೊಳಕಾಲು ನೋವಿನವರಿಗೆ ಕಾವು ಕೊಡುವ ಜಾಗ ಅದು ಎಂದೇ ಅವಳ ತಿಳುವಳಿಕೆ. ಬೀದರದ ದವಾಖಾನೆಯ ಆ ಕೋಣೆಯಲ್ಲಿ ಮಂಗಲಪೇಟೆಯ ಏಂಜಲಿನಾ ಎಂಬ ಹುಡುಗಿ ಇದ್ದಳು. ತಾಯಿ ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಆಕೆ ಯಾವ ಯಂತ್ರವನ್ನೂ ಹಚ್ಚಲಿಲ್ಲ. ಕುರ್ಚಿ ಎಳೆದು ಎದುರಿಗೆ ಕೂತು, ನಿಮಗೆ ಏನು ಮಾಡಬೇಕೆಂದು ಆಸೆ ಇದೆ ಎಂದು ಕೇಳಿದಳು. ಕಾಯಿಲೆ ಬಂದ ಮೇಲೆ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ.

“ಬಸ್ಸು ಹತ್ತಬೇಕ್ರಿ ಮೇಡಂ.”

“ಎಲ್ಲಿಗಿ ಹೋಗೋ ಬಸ್ ಕಾಕಾ?”

“ಔರಾದಕ್ಕ.”

ಆಕೆ ನಗಲಿಲ್ಲ, ಕಾರಿನಲ್ಲಿ ಹೋಗಿ ಎನ್ನಲೂ ಇಲ್ಲ. ಎದ್ದು ನಿಲ್ಲಿಸಿದಳು, ನಡೆಸಿದಳು, ಬಾಗಿಲ ಹತ್ತಿರ ತಂದು ನೋಡಿದಳು. ಪಾದ ಅಂಟಿತು. ಶಾಲುಬಾಯಿ ಎಂದಿನಂತೆ ಓಡಿಬಂದು ತೋಳು ಹಿಡಿದು ಜಗ್ಗಿದಳು. ಏಂಜಲಿನಾ ಅವಳ ಕೈಯನ್ನು ಮೆತ್ತಗೆ ಬಿಡಿಸಿದಳು.

“ಜಗ್ಗಬ್ಯಾಡ್ರಿ ಕಾಕಿ. ಜಗ್ಗಿದ್ರ ಮೈ ಮುಂದ ಬರ್ತದ, ಕಾಲು ಅಲ್ಲೇ ಉಳೀತದ. ಬೀಳೋದು ಹಂಗೇ.”

ಹಿರಿಯರು ತಡವರಿಸಿದರೆ ಕೈಕೊಡುವುದೇ ಮರ್ಯಾದೆ ಎಂದು ಬೆಳೆದವಳು ಶಾಲುಬಾಯಿ. ಕೈ ಕಟ್ಟಿಕೊಂಡು ನಿಲ್ಲುವುದನ್ನು ಕಲಿಯಲು ಅವಳಿಗೆ ಬಹಳ ದಿನ ಬೇಕಾಯಿತು.

ಏಂಜಲಿನಾ ಮುಚ್ಚುಮರೆ ಇಲ್ಲದೆ ಹೇಳಿದಳು. ಇದು ಹೋಗುವ ಕಾಯಿಲೆಯಲ್ಲ. ಆದರೆ ಕಾಲಿನ ಶಕ್ತಿ ಹೋಗಿಲ್ಲ. ಮಿದುಳು ಕಳಿಸುವ ಹುಕುಂ ಸಣ್ಣದಾಗಿದೆ, ಅದಕ್ಕೇ ಹೆಜ್ಜೆ ಸಣ್ಣದು, ಅಕ್ಷರ ಸಣ್ಣದು, ದನಿ ಸಣ್ಣದು. ಹಾಗಾಗಿ ಎಲ್ಲವನ್ನೂ ಬೇಕೆಂದೇ ದೊಡ್ಡದಾಗಿ ಮಾಡಬೇಕು. ಮಾಡಿದ್ದು ಅತಿಯಾಯಿತು ಅನಿಸಿದಾಗ ಅದು ಸರಿಯಾಗಿರುತ್ತದೆ. ಅವಳು ತೋಳನ್ನು ಎರಡೂ ಕಡೆ ರೆಕ್ಕೆಯಂತೆ ಚಾಚಿಸಿದಳು. ಕುರ್ಚಿಯಿಂದ ಮೂಗು ಮುಂದೆ ಬರುವಂತೆ ಬಾಗಿ ಏಳುವುದನ್ನು ಕಲಿಸಿದಳು. ತಿರುಗುವಾಗ ನಿಂತಲ್ಲೇ ಗಿರಕಿ ಹೊಡೆಯದೆ, ಬಸ್ಸು ನಿಲ್ದಾಣದಲ್ಲಿ ತಿರುಗುವಂತೆ ಅಗಲಕ್ಕೆ ಸುತ್ತಿ ತಿರುಗಿ ಎಂದಳು. ಗುಳಿಗೆ ಚೆನ್ನಾಗಿ ಹತ್ತಿರುವ ಹೊತ್ತಿನಲ್ಲೇ ಇವನ್ನೆಲ್ಲ ಮಾಡಬೇಕು, ನಡೆಯುವಾಗ ಮಾತು ಬೇಡ, ಚೀಲ ಹೊರುವುದು ಬೇಡ, ಒಂದು ಸಲಕ್ಕೆ ಒಂದೇ ಕೆಲಸ. ಭಾಲ್ಕಿಯಿಂದ ದಿನವೂ ಬರಲಾಗದಲ್ಲ, ಆಗಾಗ ಇಲ್ಲಿಗೆ ಬಂದು ತೋರಿಸಿದರೆ ಸಾಕು, ಉಳಿದದ್ದು ಮನೆಯಲ್ಲಿ. ಮಳೆಗಾಲದಲ್ಲಿ ಮಗಳು ಕರುಣಾಳ ಫೋನಿನಿಂದ ವಿಡಿಯೋ ಕರೆ ಮಾಡಿ, ಅದರ ಎದುರು ನಿಂತು ಮಾಡಿ ತೋರಿಸಬಹುದು. ತಮ್ಮಂಥವರೇ ಕೆಲವರು ಸೇರಿ ಮಾಡುವ ಒಂದು ಗುಂಪೂ ಇತ್ತು. ಅದಕ್ಕೆ ದತ್ತಾತ್ರಿ ಒಂದೇ ಸಲ ಹೋಗಿ, ತಮಗಿಂತ ಹೆಚ್ಚು ಬಾಗಿದವರನ್ನು ಕಂಡು ಸುಮ್ಮನಾದರು. ಮುಂದಿನ ತಿಂಗಳು ತಾವಾಗಿಯೇ ಮತ್ತೆ ಹೋದರು.

ಭಾಲ್ಕಿ ಸ್ಟೇಷನ್ನಿನ ಪ್ಲಾಟ್‌ಫಾರಂ ಅವರ ಅಂಗಳವಾಯಿತು. ಮುಂಜಾನೆಯ ರೈಲು ಹೋದ ಮೇಲೆ ಅಲ್ಲಿ ಜನ ಇರುವುದಿಲ್ಲ. ಹಾಸಿದ ಫರಸಿಕಲ್ಲಿನ ಗೆರೆಗಳನ್ನು ಒಂದೊಂದಾಗಿ ದಾಟುತ್ತಾ ನಡೆದರೆ ಕಾಲು ಅಂಟುತ್ತಿರಲಿಲ್ಲ. ಕಣ್ಣಿಗೆ ದಾಟಲು ಏನಾದರೂ ಸಿಕ್ಕರೆ ಪಾದ ಒಪ್ಪುತ್ತದೆ ಎಂದು ಏಂಜಲಿನಾ ಹೇಳಿದ್ದಳು. ಶಾಲುಬಾಯಿ ಪಕ್ಕದಲ್ಲಿ, ಮುಟ್ಟದೆ, ನಡೆಯುತ್ತಿದ್ದಳು. ಹಳಿಗಳ ಆಚೆ ಕಬ್ಬಿನ ಟ್ರಾಕ್ಟರುಗಳು ಹೋಗುವುದನ್ನು ನೋಡುತ್ತಾ ಅವರು ಒಮ್ಮೊಮ್ಮೆ ನಿಂತುಬಿಡುತ್ತಿದ್ದರು. ಆಗ ನಿಂತದ್ದು ಕಾಲಲ್ಲ, ಮನಸ್ಸು. ಎರಡರ ವ್ಯತ್ಯಾಸ ಅವಳಿಗೆ ಗೊತ್ತಾಗತೊಡಗಿತ್ತು.

ಆದರೆ ಬಾಗಿಲು ಮಾತ್ರ ಬಗ್ಗಲಿಲ್ಲ. ಬಸ್ಸಿನ ಬಾಗಿಲಿನಲ್ಲಿ ಗೆರೆ ಎಳೆದು ಇಡುವವರು ಯಾರು? ಏಂಜಲಿನಾ ಫೋನಿನಲ್ಲಿ ಟಿಕ್ ಟಿಕ್ ಎಂದು ತಾಳ ಹಚ್ಚಿ, ಅದಕ್ಕೆ ಹೆಜ್ಜೆ ಹಾಕಿಸಿದಳು. ಕೆಲವರಿಗೆ ಅದು ಹಿಡಿಸುತ್ತದೆ. ದತ್ತಾತ್ರಿಯವರಿಗೆ ಅದು ಬಸ್ ನಿಲ್ದಾಣದ ನಿಯಂತ್ರಕರ ಕೋಣೆಯ ಗಡಿಯಾರದಂತೆ, ತಡವಾಯಿತು ತಡವಾಯಿತು ಎಂದಂತೆ ಕೇಳಿಸಿ, ಹೆಜ್ಜೆಗಳು ಇನ್ನೂ ಸಣ್ಣದಾಗಿ ಮುಂದಕ್ಕೆ ಓಡಿದವು. ಆಕೆ ಕೂಡಲೇ ನಿಲ್ಲಿಸಿದಳು.

ಅಂದು ಚಾಂದ ಪಾಶಾ ಬಂದಿದ್ದ. ಈಗ ನಿವೃತ್ತನಾಗಿ ಬೀದರದಲ್ಲೇ ಇದ್ದ ಹಳೆಯ ಡ್ರೈವರ್ ಅವನು. ಗೆಳೆಯನನ್ನು ನೋಡಲು ಬಂದು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದ. ದತ್ತಾತ್ರಿ ಹೊಸ್ತಿಲಲ್ಲಿ ಅಂಟಿ ನಿಂತದ್ದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ.

“ಅರೆ ದತ್ತೂ ಭಾಯಿ, ನೀನೂ ನಮ್ಮ ಹಳಿ ಗಾಡಿನೇ ಆದಿ ನೋಡು. ಸೆಲ್ಫ್ ಹೊಡಿಯಂಗಿಲ್ಲ, ನೂಕಿದ್ರ ಮುಗ್ಗರಸ್ತದ. ಪ್ಯಾಸೆಂಜರ್ ಎಲ್ಲ ಹತ್ಯಾರ, ರೈಟ್ ಹೇಳಪ್ಪಾ ಮಾರಾಯಾ.”

ದತ್ತಾತ್ರಿ ನಗಲು ಹೋದರು. ನಗು ಬರಲಿಲ್ಲ, ಬಾಯಿಂದ ಹಳೆಯ ಮಾತು ಬಂತು.

“ರೈಟ್.”

ಬಲಗಾಲು ಎದ್ದು ಹೊಸ್ತಿಲು ದಾಟಿತು.

ಏಂಜಲಿನಾ ಅವರನ್ನು ಹಿಂದಕ್ಕೆ ಕರೆತಂದು ಮತ್ತೆ ಹೊಸ್ತಿಲಲ್ಲಿ ನಿಲ್ಲಿಸಿದಳು. ಈಗ ಆ ಮಾತಿಗೆ ಒಂದು ಕ್ರಮ ಕಟ್ಟಿದಳು. ಅಂಟಿದಾಗ ಹೆಣಗಬಾರದು, ಪೂರ್ತಿ ನಿಲ್ಲಬೇಕು. ಬೆನ್ನು ನೆಟ್ಟಗೆ ಮಾಡಬೇಕು. ಓಡುವ ಬಸ್ಸಿನಲ್ಲಿ ನಿಂತಂತೆ ಕಾಲು ಅಗಲಿಸಿ, ಮೈಭಾರವನ್ನು ಒಂದು ಕಾಲಿಗೆ ವಾಲಿಸಬೇಕು. ಆಮೇಲೆ ರೈಟ್ ಎಂದು, ದೊಡ್ಡ ಹೆಜ್ಜೆ. ಅವರು ಮೆಲ್ಲಗೆ ಹೇಳಿದರೆ ಆಕೆ ಒಪ್ಪುತ್ತಿರಲಿಲ್ಲ.

“ಡ್ರೈವರಗ ಕೇಳಸಲಿಲ್ಲ ಕಾಕಾ. ಇಂಜಿನ್ ಸಪ್ಪಳ ಭಾಳ ಅದ.”

ಉಸಿರು ತುಂಬಿಕೊಂಡು ಹೊಟ್ಟೆಯಿಂದ ಹೇಳಬೇಕು ಎಂದು ಕಲಿಸಿದಳು. ಮನೆಯಲ್ಲಿ ದಿನವೂ ‘ಆ’ ಎಂದು ಉದ್ದಕ್ಕೆ ಎಳೆಯಬೇಕು, ಊರುಗಳ ಹೆಸರನ್ನು ಕೂಗಬೇಕು. ಭಾಲ್ಕಿಯ ಅವರ ಓಣಿಯ ಜನ ಕೆಲವು ದಿನ ಕಿಟಕಿಯಿಂದ ಇಣುಕಿದರು. ಆಮೇಲೆ ಸಂತಪೂರ, ಕೌಠಾ, ಜನವಾಡ ಎಂಬ ಕೂಗು ಕೇಳಿದರೆ ಮಕ್ಕಳಿಗೆ ಸ್ನಾನ ಮಾಡಿಸುವ ಹೊತ್ತಾಯಿತು ಎಂದುಕೊಂಡರು. ಬಿಗಿದ ಮುಖದಿಂದ ಬರುವ ಆ ಕೂಗಿನಲ್ಲಿ ಹಳೆಯ ಕಂಡಕ್ಟರನ ಗತ್ತು ಇನ್ನೂ ಇರಲಿಲ್ಲ. ಶಾಲುಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು, ಆಮೇಲೆ ಮತ್ತೆ ಬಡಿಯುತ್ತಿದ್ದಳು.

ಚಾಂದ ಪಾಶಾನಿಗೆ ಆ ಭಾಗದ ಡ್ರೈವರುಗಳೆಲ್ಲ ಗೊತ್ತು. ಮಧ್ಯಾಹ್ನ ಭಾಲ್ಕಿ ನಿಲ್ದಾಣದಲ್ಲಿ ಖಾಲಿ ನಿಂತ ಬಸ್ಸಿನ ಬಾಗಿಲು ತೆರೆಸಿ, ಹತ್ತಿಸಿ ಇಳಿಸಿ ಅಭ್ಯಾಸ ಮಾಡಿಸಿದ. ಯಾವ ಕೈ ಯಾವ ಕಂಬಿಗೆ, ಯಾವ ಕಾಲು ಮೊದಲು ಎಂಬುದನ್ನೆಲ್ಲ ಏಂಜಲಿನಾ ಹೇಳಿಕೊಟ್ಟಿದ್ದಳು. ಎಲ್ಲ ಸರಿಯಾಗಿ ಬಂತು. ಖಾಲಿ ಬಸ್ಸಿನಲ್ಲಿ ಕಲಿಯಲಾಗದ ಒಂದು ಸಂಗತಿ ಇತ್ತು. ಅದು ಯಾರಿಗೂ ಹೊಳೆಯಲಿಲ್ಲ.

ತೊಗರಿ ರಾಶಿಯ ದಿನಗಳಲ್ಲಿ, ಚಳಿ ಇನ್ನೂ ಇರುವಾಗ, ಗಂಡ ಹೆಂಡತಿ ಹೊರಟರು. ಹಿಂದಿನ ದಿನ ಶಾಲುಬಾಯಿ ಔರಾದಿಗೆ ಫೋನು ಮಾಡಿ, ಬಸ್ಸಿಗೆ ಬರುತ್ತಿದ್ದೇವೆ ಎಂದಿದ್ದಳು. ಬಸ್ಸಿಗೆ ಎಂದು ಎರಡು ಸಲ ಹೇಳಿದಳು. ಭಾಲ್ಕಿಯಿಂದ ಬೀದರದವರೆಗೆ ಏನೂ ತೊಂದರೆಯಾಗಲಿಲ್ಲ. ಬೀದರದ ನಿಲ್ದಾಣದಲ್ಲಿ ಗುಳಿಗೆ ತೆಗೆದುಕೊಂಡು, ಅದು ಹತ್ತುವ ತನಕ ಕೂತು, ಔರಾದದ ಬಸ್ಸಿನ ಹತ್ತಿರ ಬಂದರು. ಸಂತೆ ಮುಗಿಸಿದ ಜನ, ಕಾಲೇಜಿನ ಹುಡುಗಿಯರು, ಗಂಜಿನಿಂದ ಬಂದ ರೈತರು ನೂಕಾಡುತ್ತಿದ್ದರು. ಶಾಲುಬಾಯಿ ಸೀಟು ಹಿಡಿಯಲು ಮೊದಲು ಹತ್ತಿದಳು.

ದತ್ತಾತ್ರಿ ಬಾಗಿಲ ಪಕ್ಕ ನಿಂತರು. ಒಂದು ಕೈ ತಗಡಿನ ಮೇಲೆ. ಮುದುಕಿಯೊಬ್ಬಳಿಗೆ ಮುಂದೆ ಹೋಗು ಎಂದು ಕೈ ಮಾಡಿದರು. ಕೂಸು ಎತ್ತಿಕೊಂಡವಳಿಗೆ ದಾರಿ ಬಿಟ್ಟರು. ಇಡೀ ಆಯುಷ್ಯ ಅವರು ಹಾಗೆಯೇ ನಿಂತದ್ದು. ಎಲ್ಲರೂ ಹತ್ತಬೇಕು, ಕೊನೆಗೆ ತಾವು. ಆ ಗದ್ದಲದಲ್ಲಿ ಅವರಿಗೆ ಕಾಯಿಲೆಯ ನೆನಪೇ ಇರಲಿಲ್ಲ. ಮೈ ಹಳೆಯ ಕೆಲಸದಲ್ಲಿ ನೆಮ್ಮದಿಯಾಗಿ ನಿಂತಿತ್ತು.

ಆ ಬಸ್ಸಿನ ಕಂಡಕ್ಟರ್ ಸಪನಾ ಎಂಬ ಎಳೆಯ ಹುಡುಗಿ. ಬಾಗಿಲಿಗೆ ಬಂದು ನೋಡಿದಳು. ನೆಟ್ಟಗೆ ನಿಂತ, ನಗದ, ಮಾತಾಡದ ಹಿರಿಯರು. ಯಾರನ್ನೋ ಕಳಿಸಲು ಬಂದಿದ್ದಾರೆ ಎಂದುಕೊಂಡಳು. ಬಾಗಿಲು ಎಳೆದು ಡಬಲ್ ಬೆಲ್ ಕೊಟ್ಟಳು. ಬಸ್ಸು ಹೊರಟಿತು.

ಕೈಯ ಕೆಳಗಿಂದ ತಗಡು ಸರಿದುಹೋದಾಗ ದತ್ತಾತ್ರಿಯವರಿಗೆ ತಿಳಿಯಿತು. ಕಾಲು ಎತ್ತಲು ನೋಡಿದರು, ಪಾದಗಳು ನೆಲವನ್ನು ಕಚ್ಚಿದ್ದವು. ಒಳಗೆ ಶಾಲುಬಾಯಿ ಜನರ ನಡುವೆ ಸಿಕ್ಕಿಕೊಂಡು ಏನೋ ಹೇಳುತ್ತಿದ್ದುದು ಕಿಟಕಿಯಲ್ಲಿ ಕಂಡಿತು. ಗಾಡಿ ಗೇಟಿನ ಕಡೆ ತಿರುಗಿತು. ಔರಾದಿನ ಕಟ್ಟೆಯ ಮೇಲೆ ಗಂಟು ಹಿಡಿದು ಕೂತಿರುವವಳು ಕಣ್ಣ ಮುಂದೆ ಬಂದಳು. ಬಸ್ಸು ಬರುತ್ತದೆ, ತಮ್ಮ ಇಳಿಯುವುದಿಲ್ಲ. ಅವರು ಹೆಣಗುವುದನ್ನು ಬಿಟ್ಟರು. ನೆಟ್ಟಗೆ ನಿಂತರು, ಉಸಿರು ತುಂಬಿಕೊಂಡರು.

“ಹೋಲ್ಡಾನ್!”

ನಿಲ್ದಾಣದ ಪಾರಿವಾಳಗಳು ಎದ್ದವು. ಬಸ್ಸು ಅಲ್ಲೇ ಗಕ್ಕನೆ ನಿಂತಿತು. ಡ್ರೈವರ್ ಕನ್ನಡಿಯನ್ನೂ ನೋಡಿರಲಿಲ್ಲ. ಗಾಡಿ ನಿಲ್ಲಿಸಲು ಕಂಡಕ್ಟರರು ಕೂಗುವ ಆ ಮಾತು ಕಿವಿಗೆ ಬಿದ್ದರೆ ಡ್ರೈವರನ ಕಾಲು ಕೇಳದೆಯೇ ಬ್ರೇಕ್ ಒತ್ತುತ್ತದೆ. ಸಪನಾ ಬಾಗಿಲು ತೆಗೆದು ಓಡಿಬಂದಳು. ಇಬ್ಬರು ಪ್ರಯಾಣಿಕರು ಇಳಿದು ತೋಳು ಹಿಡಿಯಲು ಬಂದರು. ಶಾಲುಬಾಯಿ ಬಾಗಿಲಿನಿಂದಲೇ, ಮುಟ್ಟಬೇಡಿ, ತಾವೇ ಬರುತ್ತಾರೆ ಎಂದಳು. ಅವಳ ಕೈ ಮಾತ್ರ ಕಂಬಿಯನ್ನು ಬೆರಳು ಬೆಳ್ಳಗಾಗುವಂತೆ ಹಿಡಿದಿತ್ತು. ದತ್ತಾತ್ರಿ ಕಾಲು ಅಗಲಿಸಿ, ಎಡಕ್ಕೆ ವಾಲಿ, ರೈಟ್ ಎಂದರು. ಬಂದರು. ಹತ್ತಿದರು.

ಡ್ರೈವರ್ ಹಿಂದಕ್ಕೆ ತಿರುಗಿ, ಹೋಲ್ಡಾನ್ ಹೇಳಿದವರು ಯಾರು, ನಮ್ಮ ಕಂಡಕ್ಟರ್ ಗಂಟಲು ಇಷ್ಟು ದಪ್ಪ ಯಾವಾಗ ಆಯಿತು ಎಂದು ಕೇಳಿದ. ಬಸ್ಸೆಲ್ಲ ನಕ್ಕಿತು. ಸಪನಾಳ ಮುಖ ಕೆಂಪಾಗಿತ್ತು. ಆಕೆ ಕ್ಷಮೆ ಕೇಳಿದಾಗ ದತ್ತಾತ್ರಿ ತಲೆಯಾಡಿಸಿದರು. ತಪ್ಪು ಅವಳದಲ್ಲ ಎಂದು ಅವರಿಗೆ ಗೊತ್ತಿತ್ತು.

ಕೌಠಾ ಸೇತುವೆಯ ಹತ್ತಿರ ಕಬ್ಬಿನ ಟ್ರಾಕ್ಟರೊಂದು ಅಡ್ಡ ನಿಂತಿತ್ತು. ಬಸ್ಸು ಕಾಯಿತು. ಕೆಳಗೆ ಮಾಂಜ್ರಾದ ನೀರು ಬಿಸಿಲಿಗೆ ಮಿನುಗುತ್ತಿತ್ತು, ದಡದ ಹೊಲಗಳಲ್ಲಿ ತೊಗರಿ ಕೊಯ್ದ ಕೂಳೆ. ಕಾಯುತ್ತಾ ಕಾಯುತ್ತಾ ಗುಳಿಗೆ ಇಳಿಯತೊಡಗಿದ್ದು ದತ್ತಾತ್ರಿಯವರಿಗೆ ತಿಳಿಯಿತು. ಮೊದಲು ಬೆರಳು, ಆಮೇಲೆ ಭುಜ. ಮುಂದಿನ ಗುಳಿಗೆಯ ಹೊತ್ತು ಇನ್ನೂ ಆಗಿರಲಿಲ್ಲ. ಅವರು ಕಿಟಕಿಯ ಹೊರಗೆ ನೋಡುತ್ತಾ ಕೂತರು. ಬೀದರದಲ್ಲಿ ಸಿಕ್ಕ ದನಿ, ತಂದ ನೀರು ಚೀಲದಿಂದ ಸೋರುವಂತೆ, ಸೋರಿ ಹೋಗುತ್ತಿತ್ತು. ಸಂತಪೂರ ದಾಟುವಾಗ ಶಾಲುಬಾಯಿ ಅವರ ಕೈ ಮೇಲೆ ಕೈ ಇಟ್ಟಳು.

ಔರಾದಿನಲ್ಲಿ ಬಸ್ಸು ನಿಂತಿತು. ಬೇವಿನ ಕಟ್ಟೆಯ ಮೇಲೆ ಶೇವಂತಾಬಾಯಿ ಕೂತಿದ್ದಳು. ಮೊದಲಿಗಿಂತ ಸಣ್ಣಗಾಗಿದ್ದಳು. ತೊಡೆಯ ಮೇಲೆ ಗಂಟು. ಎಲ್ಲರೂ ಇಳಿದರು, ಶಾಲುಬಾಯಿ ಇಳಿದಳು, ಕೊನೆಗೆ ದತ್ತಾತ್ರಿ ಬಾಗಿಲಿಗೆ ಬಂದರು. ಪಾದ ಅಂಟಿತು.

ಅಕ್ಕ ಎದ್ದು ಬಂದು ಕೆಳಗೆ ನಿಂತಳು, ತಲೆ ಎತ್ತಿ ನೋಡಿದಳು. ಮೇಲೆ ಅದೇ ಗಂಟುಮುಖ. ಅವರು ರೈಟ್ ಎಂದರು. ದನಿ ತುಟಿಯಲ್ಲೇ ಉಳಿಯಿತು. ಮತ್ತೊಮ್ಮೆ ಅಂದರು. ಕಾಲು ಕೇಳಲಿಲ್ಲ. ಸಪನಾ ಹಿಂದೆ ನಿಂತಿದ್ದಳು, ಮುಟ್ಟಲಿಲ್ಲ. ಶೇವಂತಾಬಾಯಿಯ ಕಣ್ಣು ಅಂದಿನಂತೆಯೇ ಸೋತುಹೋಗುವುದು ದತ್ತಾತ್ರಿಯವರಿಗೆ ಕಂಡಿತು. ಆಕೆ ತಿರುಗಿ ಹೋಗುತ್ತಾಳೇನೋ ಅನಿಸಿತು.

ಆಕೆ ಹೋಗಲಿಲ್ಲ. ಏನು ಮಾಡಬೇಕೆಂದು ತಿಳಿಯದವರ ಕೈ ತಮಗೆ ಗೊತ್ತಿದ್ದುದನ್ನೇ ಮಾಡುತ್ತದೆ. ಬಸ್ಸಿನ ಪಕ್ಕ ನಿಂತಾಗಲೆಲ್ಲ ಮಾಡಿದ್ದನ್ನೇ ಅವಳ ಕೈ ಮಾಡಿತು. ಅಂಗೈಯಿಂದ ತಗಡಿಗೆ ಬಡಿದಳು.

ಡಬ್, ಡಬ್.

ದತ್ತಾತ್ರಿಯವರ ಬಲಗಾಲು ಎದ್ದಿತು. ಒಂದು ಮೆಟ್ಟಿಲು, ಇನ್ನೊಂದು, ಆಮೇಲೆ ಔರಾದಿನ ನೆಲ.

ಶಾಲುಬಾಯಿ ನೀರು ತರುತ್ತೇನೆಂದು ಸಪನಾಳ ಜೊತೆ ಆಚೆ ಹೋದಳು. ಅಕ್ಕ, ತಮ್ಮ ಇಬ್ಬರೂ ಕಟ್ಟೆಯ ಮೇಲೆ ಕೂತರು. ಅಕ್ಕ ಗಂಟು ಬಿಚ್ಚಲಿಲ್ಲ, ಅದನ್ನೇ ನೋಡುತ್ತಿದ್ದಳು. ದತ್ತಾತ್ರಿ ಏನೋ ಅಂದರು, ಅವಳಿಗೆ ಕೇಳಿಸಲಿಲ್ಲ. ಅವರು ಕಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿದರು, ಎದೆ ಬಿರಿಯುವಷ್ಟು ಉಸಿರು ತುಂಬಿಕೊಂಡರು, ಇಂಜಿನ್ನಿನ ಸಪ್ಪಳದ ಆಚೆ ಕೂತ ಡ್ರೈವರನಿಗೆ ಹೇಳುವಂತೆ ಹೇಳಿದರು.

“ಅಕ್ಕಾ, ನಾ ಸಿಟ್ಟಾಗಿಲ್ಲ!”

ಚಹಾ ಅಂಗಡಿಯವನು ತಿರುಗಿ ನೋಡಿದ. ಶೇವಂತಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹಂಗ್ಯಾಕ ಒದರ್ತಿ? ಇಡೀ ಔರಾದಕ್ಕ ಕೇಳಸ್ತು.”

ಹೇಳಿ, ಅವರ ಮುಖಕ್ಕೆ ಕೈ ತಂದಳು. ಅದು ಇನ್ನೂ ಹಾಗೆಯೇ ಇತ್ತು, ನಗದೆ, ಬಿಗಿದು. ಸಣ್ಣವನಿದ್ದಾಗ ಎಣ್ಣೆ ಹಚ್ಚುತ್ತಿದ್ದ ಹಾಗೆ ಹಣೆಯಿಂದ ಕೆನ್ನೆಯವರೆಗೆ ಮೆಲ್ಲಗೆ ಸವರಿದಳು. ಕೆನ್ನೆಯ ಕಲ್ಲಿನಂಥ ಬಿಗಿ ಅವಳ ಅಂಗೈಗೆ ತಾಗಿತು.

“ಇದು ಜಡ್ಡೇ ಏನು?” ಎಂದು ಮೆತ್ತಗೆ ಕೇಳಿದಳು.

ಅವರು ಹೌದೆಂದು ತಲೆಯಾಡಿಸಿದರು. ಆಕೆ ಗಂಟು ಬಿಚ್ಚಿದಳು. ರೊಟ್ಟಿ ಮುರಿದು ಝುಣಕ ಹಚ್ಚಿ ಅವರ ಕೈಗೆ ಕೊಟ್ಟಳು. ಕೈ ನಡುಗಿ ತುಣುಕು ಬಿದ್ದಾಗ ಇನ್ನೊಂದು ಕೊಟ್ಟಳು. ಅರ್ಧಕ್ಕೆ ನಿಂತಿದ್ದ ಎಷ್ಟೋ ಮಾತುಗಳಿದ್ದವು. ಅವಳು ಎಮ್ಮೆಯಿಂದ ಶುರುಮಾಡಿದಳು, ಕಣ್ಣಿನ ಆಪರೇಷನ್ನಿಗೆ ಬಂದಳು, ಕರುಣಾಳ ಮದುವೆಗೆಂದು ತೆಗೆದಿಟ್ಟ ಸೀರೆ ಇನ್ನೂ ಪೆಟ್ಟಿಗೆಯಲ್ಲೇ ಇದೆ ಎಂದಳು.

ಡ್ರೈವರ್ ಬಂದು ಹಾರ್ನ್ ಹೊಡೆದ. ಸಪನಾ ಮೆಟ್ಟಿಲ ಮೇಲೆ ನಿಂತು, ತೆಳ್ಳಗಿನ ದನಿಯಲ್ಲಿ, ಸಂತಪೂರ, ಕೌಠಾ, ಜನವಾಡ, ಬೀದರ ಎಂದು ಕೂಗಿದಳು. ದತ್ತಾತ್ರಿಯವರ ಮೈ ತಾನಾಗಿ ಮುಂದಕ್ಕೆ ಬಾಗಿತು, ಏಳಲು. ಅಕ್ಕ ಅವರ ಮೊಳಕಾಲಿನ ಮೇಲೆ ಕೈ ಇಟ್ಟಳು.

“ಕೂಡೋ.”

ಡಬಲ್ ಬೆಲ್ ಆಯಿತು. ಧೂಳೆಬ್ಬಿಸುತ್ತಾ ಬಸ್ಸು ನಿಲ್ದಾಣದ ತಿರುವು ದಾಟಿತು. ಅದರ ಸಪ್ಪಳ ಸಂತಪೂರದ ದಾರಿಯಲ್ಲಿ ಬಹಳ ಹೊತ್ತು ಕೇಳುತ್ತಿತ್ತು. ಅದು ಪೂರ್ತಿ ಅಡಗುವ ತನಕ ದತ್ತಾತ್ರಿ ಕಿವಿಗೊಟ್ಟು ಕೂತಿದ್ದರು, ಅಕ್ಕ ಧೂಳು ಇಳಿಯುವುದನ್ನು ನೋಡುತ್ತಿದ್ದಳು. ಆಮೇಲೆ ಶೇವಂತಾಬಾಯಿ ಇನ್ನೊಂದು ರೊಟ್ಟಿ ಮುರಿದಳು.